ಓಡುವ ಬೆಲೆಗೆ ನಡೆಯುವ ಸರಾಸರಿ

ಷೇರು ಪೇಟೆ ಎಂದರೆ ಮುಂಬಯಿಯ ದಲಾಲ್ ಸ್ಟ್ರೀಟು, ಅಲ್ಲಿ ಕೈಯೆತ್ತಿ ಕೂಗಾಡುವ ಗಂಡಸರು ಎಂಬ ಕಾಲ ಹೋಯಿತು. ಈಗ ಆ ಪೇಟೆ ನಮ್ಮ ನಿಮ್ಮ ನಡುಮನೆಗೇ ಬಂದು ಕೂತಿದೆ. ಊಟದ ತಟ್ಟೆ ಮುಂದಿದ್ದರೂ ಮಗರಾಯನ ಕಣ್ಣು ಮೊಬೈಲಿನ ಮೇಲೆ. ಯಜಮಾನರೂ ಕನ್ನಡಕ ಸರಿಮಾಡಿಕೊಂಡು ಇಣುಕುತ್ತಾರೆ. ಕೆಂಪು ಹಸಿರು ಕಡ್ಡಿಗಳ ಮೇಲೆ ನೀಲಿ ಹಳದಿ ಗೆರೆಗಳು ಹಾವಿನ ಹಾಗೆ ಹರಿದಿರುತ್ತವೆ. ‘ಇದೇನಪ್ಪಾ?’ ಎಂದು ಕೇಳಿದರೆ, ‘ಮೂವಿಂಗ್ ಆವರೇಜ್ ಅಮ್ಮಾ, ನಿನಗೆ ಗೊತ್ತಾಗಲ್ಲ ಬಿಡು’ ಎಂಬ ಉತ್ತರ ಬರುತ್ತದೆ.

ಯಾಕೆ ಗೊತ್ತಾಗಬಾರದು? ತಿಂಗಳ ಸಾಮಾನಿನ ಚೀಟಿ ಬರೆಯುವವರು, ಹಾಲಿನ ಲೆಕ್ಕ ಕ್ಯಾಲೆಂಡರಿನ ಮೇಲೆ ಗುರುತು ಹಾಕುವವರು, ಚಿನ್ನದ ಬೆಲೆ ಎಂದು ಎಷ್ಟಿತ್ತು ಎಂಬುದನ್ನು ನಿದ್ದೆಯಲ್ಲೂ ಹೇಳಬಲ್ಲವರು ನಾವು. ಕೂಡುವುದು, ಕಳೆಯುವುದು, ಭಾಗಿಸುವುದು ಬಂದರೆ ಸಾಕು, ಈ ಗೆರೆಗಳ ಗುಟ್ಟು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ತಿಳಿದುಕೊಳ್ಳಲೇಬೇಕಾದ ಕಾರಣವೂ ಇದೆ. ಆ ಗೆರೆಗಳನ್ನು ನಂಬಿ ಹೋಗುವ ಹಣ ಎಷ್ಟೋ ಸಲ ಮನೆಯ ಹಣವೇ ಆಗಿರುತ್ತದೆ.

ಸರಾಸರಿ ಚಲಿಸುವುದು ಯಾಕೆ?

ಸಾಮಾನ್ಯ ಸರಾಸರಿ ನಮಗೆ ಹೊಸದಲ್ಲ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ ಒಂದು ಮನೆಗೆ ಎಷ್ಟು ಯೂನಿಟ್ ವಿದ್ಯುತ್ ಉಚಿತ ಎಂದು ಗೊತ್ತುಮಾಡಲು, ಅದರ ಹಿಂದಿನ ಹಣಕಾಸು ವರ್ಷದಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತು ಎಂದು ನೋಡಿದರು. ಅದು ನಿಂತ ಸರಾಸರಿ. ಒಂದು ವರ್ಷವನ್ನು ಹಿಡಿದು ಗೂಟ ಹೊಡೆದ ಹಾಗೆ.

ಚಲಿಸುವ ಸರಾಸರಿ ಹಾಗಲ್ಲ. ಪ್ರತಿದಿನ ಹೊಸ ಬೆಲೆಯೊಂದು ಒಳಗೆ ಬರುತ್ತದೆ, ಹಳೆಯದೊಂದು ಹೊರಗೆ ಹೋಗುತ್ತದೆ. ದಿನದಿನದ ಗಡಿಬಿಡಿಯನ್ನು ಬದಿಗಿಟ್ಟು, ಒಟ್ಟಿನಲ್ಲಿ ಬೆಲೆ ಮೇಲಕ್ಕೆ ಹೊರಟಿದೆಯೋ ಕೆಳಕ್ಕೋ ಎಂದು ನೋಡುವುದಕ್ಕೆ ಇದು ಬೇಕು. ಮಗು ಒಂದು ದಿನ ಊಟ ಬಿಟ್ಟರೆ ಗಾಬರಿಯಾಗದೆ, ಈ ವಾರವೆಲ್ಲ ಹೇಗೆ ತಿಂದಿತು ಎಂದು ತಾಯಿ ಲೆಕ್ಕ ಹಾಕುವುದಿಲ್ಲವೇ? ಅದೇ ಬುದ್ಧಿ ಇಲ್ಲಿಯೂ.

ಇದರಲ್ಲಿ ಮುಖ್ಯವಾಗಿ ಮೂರು ಬಗೆ. ಷೇರನ್ನು ಬಿಟ್ಟು ನಮಗೆ ಹತ್ತಿರದ ಮಲ್ಲಿಗೆಯಿಂದಲೇ ಲೆಕ್ಕ ಮಾಡೋಣ. ವರಮಹಾಲಕ್ಷ್ಮಿ ಹಬ್ಬದ ವಾರ ಎನ್ನಿ. ಒಂದು ಮೊಳ ಮಲ್ಲಿಗೆಗೆ ಭಾನುವಾರ 20 ರೂಪಾಯಿ, ಸೋಮವಾರ 22, ಮಂಗಳವಾರ 24, ಬುಧವಾರ 26, ಗುರುವಾರ 28. ಶುಕ್ರವಾರ ಹಬ್ಬ, ಒಮ್ಮೆಲೇ 40. ಶನಿವಾರ ಮತ್ತೆ 28ಕ್ಕೆ ಇಳಿದು ಅಲ್ಲೇ ನಿಂತಿತು. ಲೆಕ್ಕ ಸುಲಭವಾಗಲೆಂದು ಹಾಕಿಕೊಂಡ ಬೆಲೆಗಳಿವು. ನಿಮ್ಮೂರಿನ ಹೂವಾಡಗಿತ್ತಿಯೊಡನೆ ಜಗಳ ಬೇಡ!

ಮೊದಲನೆಯದು: ಸರಳ ಸರಾಸರಿ

ಐದು ಹೂವಿನ ಮಾಲೆಯೊಂದಿದೆ ಎಂದುಕೊಳ್ಳಿ. ದಿನಾ ಬೆಳಿಗ್ಗೆ ಒಂದು ತುದಿಗೆ ತಾಜಾ ಹೂ ಕಟ್ಟುತ್ತೀರಿ, ಇನ್ನೊಂದು ತುದಿಯಿಂದ ಬಾಡಿದ್ದನ್ನು ಕಿತ್ತು ಹಾಕುತ್ತೀರಿ. ಮಾಲೆಯಲ್ಲಿ ಯಾವಾಗಲೂ ಐದೇ ಹೂ. ಐದಕ್ಕೂ ಒಂದೇ ಮರ್ಯಾದೆ.

ಗುರುವಾರದ ಹೊತ್ತಿಗೆ ಐದು ದಿನದ ಬೆಲೆ ಕೂಡಿಸಿದರೆ 120, ಐದರಿಂದ ಭಾಗಿಸಿದರೆ 24. ಶುಕ್ರವಾರ ಹಬ್ಬದ 40 ಒಳಗೆ ಬಂತು, ಭಾನುವಾರದ 20 ಹೊರಗೆ ಹೋಯಿತು. ಮೊತ್ತ 140, ಸರಾಸರಿ 28. ಇದೇ ಸರಳ ಸರಾಸರಿ. ಹುಡುಗರು ಇದನ್ನು ಎಸ್‌ಎಂಎ ಎನ್ನುತ್ತಾರೆ.

ಇದರ ಗುಣ ಅದರ ಸರಳತನ. ದೋಷವೂ ಅದರಲ್ಲೇ ಇದೆ. ಗುರುವಾರ ಬೆಲೆ 28 ಇದ್ದರೂ ಸರಾಸರಿ 24 ಎಂದಿತಲ್ಲ, ಅದು ಎರಡು ದಿನದ ಹಿಂದಿನ ಬೆಲೆ. ಐದು ದಿನದ ಸರಾಸರಿ ಎರಡು ದಿನ ಹಿಂದೆ ನಡೆಯುತ್ತದೆ. ಇನ್ನೂರು ದಿನದ್ದಾದರೆ ಸುಮಾರು ನೂರು ದಿನ ಹಿಂದೆ!

ಇನ್ನೊಂದು ವಿಚಿತ್ರವಿದೆ. ಶನಿವಾರ ಹೂವಿನ ಬೆಲೆ 40ರಿಂದ 28ಕ್ಕೆ ಇಳಿಯಿತು. ಸರಾಸರಿ ಇಳಿಯಬೇಕಲ್ಲವೇ? ಇಲ್ಲ, ಅದು 29 ರೂಪಾಯಿ 20 ಪೈಸೆಗೆ ಏರುತ್ತದೆ. ಯಾಕೆಂದರೆ ಸೋಮವಾರದ 22 ಹೊರಗೆ ಹೋಗಿ 28 ಒಳಗೆ ಬಂತು. ಮುಂದಿನ ಮಂಗಳವಾರದವರೆಗೆ ಸರಾಸರಿ 30 ರೂಪಾಯಿ 40 ಪೈಸೆಯವರೆಗೂ ಹೋಗುತ್ತದೆ. ಬುಧವಾರ ಹಬ್ಬದ 40 ಹೊರಗೆ ಬೀಳುತ್ತದೆ. ಸರಾಸರಿ ದೊಪ್ಪನೆ 28ಕ್ಕೆ ಬೀಳುತ್ತದೆ. ಬುಧವಾರ ಪೇಟೆಯಲ್ಲಿ ಏನಾಯಿತು? ಏನೂ ಆಗಲಿಲ್ಲ. ಬೆಲೆ ಒಂದು ಪೈಸೆಯೂ ಅಲುಗಲಿಲ್ಲ. ಬಾಡಿದ ಹೂವೊಂದು ಉದುರಿತು, ಅಷ್ಟೇ. ಆದರೆ ಗೆರೆಯನ್ನು ಮಾತ್ರ ನೋಡುವವನು ‘ಅಯ್ಯೋ, ಪೇಟೆ ತಿರುಗಿತು!’ ಎಂದು ಎದೆ ಹಿಡಿದುಕೊಳ್ಳುತ್ತಾನೆ.

ಎರಡನೆಯದು: ತೂಕದ ಸರಾಸರಿ

ನಿನ್ನೆಯ ಸುದ್ದಿಗೂ ಹೋದ ವಾರದ ಸುದ್ದಿಗೂ ಒಂದೇ ಬೆಲೆಯೇ ಎಂದು ಕೇಳಿದವರು ಮಾಡಿಕೊಂಡ ಏರ್ಪಾಡು ಇದು. ತೀರ ಹಳೆಯ ದಿನಕ್ಕೆ ಒಂದು ಪಾಲು, ಅದರ ಮುಂದಿನದಕ್ಕೆ ಎರಡು, ಹೀಗೆ ಇಂದಿನ ದಿನಕ್ಕೆ ಐದು ಪಾಲು. ಒಟ್ಟು ಹದಿನೈದು ಪಾಲು.

ಹಬ್ಬದ ಶುಕ್ರವಾರ ಲೆಕ್ಕ ಹಾಕಿ: 22ಕ್ಕೆ ಒಂದು ಪಾಲು, 24ಕ್ಕೆ ಎರಡು, 26ಕ್ಕೆ ಮೂರು, 28ಕ್ಕೆ ನಾಲ್ಕು, 40ಕ್ಕೆ ಐದು. ಗುಣಿಸಿ ಕೂಡಿಸಿದರೆ 460. ಹದಿನೈದರಿಂದ ಭಾಗಿಸಿದರೆ 30 ರೂಪಾಯಿ 67 ಪೈಸೆ. ಸರಳ ಸರಾಸರಿ 28 ಎಂದ ದಿನ ಇದು ಆಗಲೇ 30 ದಾಟಿತು ನೋಡಿ. ಕಿವಿ ಚುರುಕು. ಹಿಂದೆ ಬೀಳುವುದು ಒಂದೂಕಾಲು ದಿನಕ್ಕಿಂತ ತುಸು ಹೆಚ್ಚು, ಅಷ್ಟೇ.

ಚುರುಕು ಕಿವಿಯವರಿಗೆ ಪಿಸುಮಾತೂ ಕೇಳಿಸುತ್ತದೆ, ಇಲ್ಲದ ಸದ್ದೂ ಕೇಳಿಸುತ್ತದೆ. ಹಬ್ಬದ 40 ಒಂದೇ ದಿನದ ಮಾತು. ಆ ಒಂದು ದಿನವನ್ನು ಇದು ಎಲ್ಲರಿಗಿಂತ ದೊಡ್ಡದಾಗಿ ಹೇಳಿತು.

ಮೂರನೆಯದು: ಹೆಪ್ಪಿನ ಸರಾಸರಿ

ಇದಕ್ಕೆ ಪೇಟೆಯವರು ಇಟ್ಟ ಹೆಸರು ಎಕ್ಸ್‌ಪೊನೆನ್ಷಿಯಲ್ ಮೂವಿಂಗ್ ಆವರೇಜ್, ಚಿಕ್ಕದಾಗಿ ಇಎಂಎ. ಹೆಸರು ಕೇಳಿ ಹೆದರಬೇಡಿ. ಮೊಸರಿಗೆ ಹೆಪ್ಪು ಹಾಕುವವರಿಗೆ ಇದು ಅಂಗೈ ನೆಲ್ಲಿಕಾಯಿ.

ಇಂದಿನ ಹಾಲಿಗೆ ನಿನ್ನೆಯ ಮೊಸರಿನ ಒಂದು ಚಮಚ ಹಾಕುತ್ತೀರಿ. ನಿನ್ನೆಯ ಮೊಸರಿನಲ್ಲಿ ಮೊನ್ನೆಯದರ ಅಂಶ, ಅದರಲ್ಲಿ ಆಚೆ ಮೊನ್ನೆಯದು. ಲೆಕ್ಕಕ್ಕೆ ಹೋದರೆ ಅತ್ತೆಯವರು ಹಾಕಿದ ಹೆಪ್ಪಿನ ಒಂದು ಕಣ ಇನ್ನೂ ಇದ್ದೀತು. ಹಳೆಯದು ದಿನದಿನಕ್ಕೆ ಕರಗುತ್ತಾ ಹೋಗುತ್ತದೆ, ಆದರೆ ಒಂದೇ ಏಟಿಗೆ ಮಾಯವಾಗುವುದಿಲ್ಲ.

ಈ ಸರಾಸರಿಯೂ ಹಾಗೆಯೇ. ಐದು ದಿನದ ಲೆಕ್ಕವಾದರೆ ಐದಕ್ಕೆ ಒಂದು ಕೂಡಿಸಿ ಆರು. ಎರಡನ್ನು ಆರರಿಂದ ಭಾಗಿಸಿದರೆ ಮೂರರಲ್ಲೊಂದು ಪಾಲು. ಗುರುವಾರದ ಸರಾಸರಿ 24 ಎಂದು ಇಟ್ಟುಕೊಳ್ಳಿ. ಶುಕ್ರವಾರದ ಬೆಲೆ 40. ನಡುವಿನ ಅಂತರ 16. ಅದರಲ್ಲಿ ಮೂರರಲ್ಲೊಂದು ಪಾಲು 5 ರೂಪಾಯಿ 33 ಪೈಸೆ. ಅದನ್ನು 24ಕ್ಕೆ ಕೂಡಿಸಿದರೆ 29 ರೂಪಾಯಿ 33 ಪೈಸೆ. ಇಷ್ಟೇ. ಹಿಂದಿನ ಬೆಲೆಗಳ ಪಟ್ಟಿಯೇ ಬೇಡ, ನಿನ್ನೆಯ ಸರಾಸರಿ ಒಂದು ನೆನಪಿದ್ದರೆ ಸಾಕು.

ಕೈಯಿಂದ ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ ಇದು ಎಷ್ಟು ದೊಡ್ಡ ಅನುಕೂಲ, ಯೋಚಿಸಿ. ಅಮೆರಿಕದ ರಾಬರ್ಟ್ ಬ್ರೌನ್ ಎಂಬಾತ ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿ ಜಲಾಂತರ್ಗಾಮಿಗಳ ಜಾಡು ಹಿಡಿಯುವ ಕೆಲಸಕ್ಕೆ ಈ ಬಗೆಯ ಲೆಕ್ಕ ಬಳಸಿದರು. ಯುದ್ಧ ಮುಗಿದ ಮೇಲೆ ಅದನ್ನೇ ಉಗ್ರಾಣದ ಸಾಮಾನಿಗೆ ಬೇಡಿಕೆ ಅಂದಾಜು ಮಾಡಲು ತಂದರು. ಷೇರು ಪೇಟೆಗೆ ಅದು ಬಂದದ್ದು ಆಮೇಲೆ.

ಶನಿವಾರ ಬೆಲೆ ಇಳಿದಾಗ ಈ ಸರಾಸರಿಯೂ 28 ರೂಪಾಯಿ 89 ಪೈಸೆಗೆ ಇಳಿಯಿತು, ಸರಳ ಸರಾಸರಿಯ ಹಾಗೆ ಉಲ್ಟಾ ಏರಲಿಲ್ಲ. ಬುಧವಾರ ದೊಪ್ಪನೆ ಬೀಳಲೂ ಇಲ್ಲ. ಮೆಲ್ಲಗೆ ಇಳಿಯುತ್ತಾ 28ರ ಹತ್ತಿರ ಬಂತು. ಅದಕ್ಕೇ ಹುಡುಗರಿಗೆ ಇದು ಅಚ್ಚುಮೆಚ್ಚು.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ, ರೂಪಾಯಿಗಳಲ್ಲಿ:

ಹಬ್ಬದ ಶುಕ್ರವಾರ (ಬೆಲೆ 40): ಸರಳ 28.00, ತೂಕದ್ದು 30.67, ಹೆಪ್ಪಿನದು 29.33.

ಮರುದಿನ ಶನಿವಾರ (ಬೆಲೆ 28): ಸರಳ 29.20, ತೂಕದ್ದು 30.67, ಹೆಪ್ಪಿನದು 28.89.

ಮುಂದಿನ ಮಂಗಳವಾರ (ಬೆಲೆ 28): ಸರಳ 30.40, ತೂಕದ್ದು 28.80, ಹೆಪ್ಪಿನದು 28.26.

ಬುಧವಾರ (ಬೆಲೆ 28): ಸರಳ 28.00, ತೂಕದ್ದು 28.00, ಹೆಪ್ಪಿನದು 28.18.

ಹೂ ಒಂದೇ, ಬೆಲೆ ಒಂದೇ, ದಿನಗಳೂ ಅವೇ. ಹೇಳುವ ಕತೆ ಮಾತ್ರ ಮೂರು!

ಹೊಸ ತಳಿಗಳು

ಇಷ್ಟಕ್ಕೆ ಮುಗಿಯಲಿಲ್ಲ. ಹಿಂದೆ ಬೀಳದ, ಬೆಚ್ಚಿಯೂ ಬೀಳದ ಸರಾಸರಿ ಬೇಕೆಂದು ಬುದ್ಧಿವಂತರು ಹುಡುಕುತ್ತಲೇ ಬಂದಿದ್ದಾರೆ. 1994ರಲ್ಲಿ ಪ್ಯಾಟ್ರಿಕ್ ಮಲ್ಲಾಯ್ ‘ಡಬಲ್’ ಹೆಪ್ಪಿನ ಸರಾಸರಿ ತಂದರು. 2005ರಲ್ಲಿ ಆಸ್ಟ್ರೇಲಿಯಾದ ಅಲನ್ ಹಲ್ ತೂಕದ ಸರಾಸರಿಗಳನ್ನೇ ಜೋಡಿಸಿ ತಮ್ಮ ಹೆಸರಿನದೊಂದು ಮಾಡಿದರು. ಪೆರಿ ಕಾಫ್‌ಮನ್ ಎಂಬವರದು ಇನ್ನೂ ಜಾಣತನದ್ದು: ಪೇಟೆ ಒಂದೇ ದಿಕ್ಕಿಗೆ ಹೊರಟಿದ್ದರೆ ಸರಾಸರಿ ತಾನೂ ಬೇಗ ನಡೆಯುತ್ತದೆ, ಪೇಟೆ ಅತ್ತಿತ್ತ ಹೊಯ್ದಾಡುತ್ತಿದ್ದರೆ ನಿಧಾನವಾಗುತ್ತದೆ.

ಎಲ್ಲವೂ ಚೆನ್ನಾಗಿಯೇ ಇವೆ. ಆದರೆ ಒಲೆಯ ಮುಂದೆ ನಿಂತವರಿಗೆ ಗೊತ್ತಿರುವ ಸತ್ಯವೊಂದಿದೆ. ಉರಿ ದೊಡ್ಡದು ಮಾಡಿದರೆ ಬೇಗ ಬೇಯುತ್ತದೆ, ತಳ ಹಿಡಿಯುವ ಭಯವೂ ಹೆಚ್ಚು. ಉರಿ ಸಣ್ಣದು ಮಾಡಿದರೆ ತಳ ಹಿಡಿಯದು, ಆದರೆ ಊಟದ ಹೊತ್ತು ಮೀರುತ್ತದೆ. ಸರಾಸರಿಯನ್ನು ಚುರುಕು ಮಾಡಿದರೆ ಸುಳ್ಳು ಸೂಚನೆ ಹೆಚ್ಚು. ಶಾಂತ ಮಾಡಿದರೆ ಸೂಚನೆ ತಡ. ಬಗೆ ಬದಲಾಯಿಸಿದರೆ ಈ ಕಷ್ಟ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆಯೇ ಹೊರತು ಮನೆ ಬಿಟ್ಟು ಹೋಗುವುದಿಲ್ಲ.

ಬಗೆಗಿಂತ ಹೆಚ್ಚು ಪರಿಣಾಮ ದಿನಗಳ ಸಂಖ್ಯೆಯದು. ಬೆಲೆ ಒಂದೇ ಸಮನೆ ಏರುತ್ತಿರುವಾಗ ಐದು ದಿನದ ಸರಳ ಸರಾಸರಿಯೂ ಐದು ದಿನದ ಹೆಪ್ಪಿನ ಸರಾಸರಿಯೂ ಹಿಂದೆ ಬೀಳುವುದು ಸಮವಾಗಿಯೇ, ಎರಡು ದಿನ. ಆದರೆ ಐದನ್ನು ಐವತ್ತು ಮಾಡಿ ನೋಡಿ, ಎರಡೂ ಇಪ್ಪತ್ತನಾಲ್ಕೂವರೆ ದಿನ ಹಿಂದೆ. ಇಷ್ಟಾದರೂ ಜಗಳವೆಲ್ಲ ‘ಸರಳವೋ, ಇಎಂಎಯೋ’ ಎಂಬುದರ ಮೇಲೆ!

ಗೆರೆ ಗೆರೆ ದಾಟಿದಾಗ

ಪೇಟೆಯವರು ಸಾಮಾನ್ಯವಾಗಿ ಎರಡು ಸರಾಸರಿ ಇಟ್ಟುಕೊಳ್ಳುತ್ತಾರೆ, ಒಂದು ಚುರುಕಿನದು, ಒಂದು ನಿಧಾನದ್ದು. 50 ದಿನದ್ದು 200 ದಿನದ್ದನ್ನು ಕೆಳಗಿನಿಂದ ಮೇಲಕ್ಕೆ ದಾಟಿದರೆ ‘ಗೋಲ್ಡನ್ ಕ್ರಾಸ್’, ಕೊಳ್ಳಬೇಕಂತೆ. ಮೇಲಿನಿಂದ ಕೆಳಕ್ಕೆ ದಾಟಿದರೆ ‘ಡೆತ್ ಕ್ರಾಸ್’, ಮಾರಬೇಕಂತೆ. ಹೆಸರುಗಳೇ ಸಿನಿಮಾ ಹೆಸರಿನ ಹಾಗಿವೆ.

ಇದು ಕೆಲಸಕ್ಕೆ ಬರುವುದೇ ಇಲ್ಲ ಎಂದರೆ ಅನ್ಯಾಯವಾದೀತು. 2008ರ ಜನವರಿಯಲ್ಲಿ ನಮ್ಮ ಸೆನ್ಸೆಕ್ಸ್ 21 ಸಾವಿರ ಮುಟ್ಟಿತ್ತು. ಅಲ್ಲಿಂದ ಇಳಿಯುತ್ತಾ ಇಳಿಯುತ್ತಾ 2009ರ ಮಾರ್ಚಿಗೆ 8 ಸಾವಿರದ ಹತ್ತಿರ ಬಂತು. ಇಳಿತ ಒಂದು ವರ್ಷಕ್ಕೂ ಮೇಲೆ ನಡೆಯಿತು. ಅಷ್ಟು ಉದ್ದದ ಇಳಿಜಾರಿನಲ್ಲಿ ತಡವಾಗಿ ಎಚ್ಚರಿಸುವ ಗೆರೆಯೂ ಎಚ್ಚರಿಸಿದಂತೆಯೇ.

ಈಗ 2020ನ್ನು ನೋಡಿ. ಜನವರಿ 20ರಂದು ಸೆನ್ಸೆಕ್ಸ್ 42 ಸಾವಿರ ದಾಟಿತ್ತು. ಕೊರೊನಾ ಬಂತು. ಮಾರ್ಚ್ 23ರ ಒಂದೇ ದಿನ 3,934 ಅಂಶ ಬಿದ್ದು 25,981ಕ್ಕೆ ನಿಂತಿತು. 50 ದಿನದ ಗೆರೆ 200 ದಿನದ ಗೆರೆಯನ್ನು ಕೆಳಕ್ಕೆ ದಾಟಿದ್ದು ಮಾರ್ಚಿಯ ಮಧ್ಯ ಕಳೆದ ಮೇಲೆ, ಸೂಚ್ಯಂಕ ಸುಮಾರು 29 ಸಾವಿರಕ್ಕೆ ಬಿದ್ದಾಗಿತ್ತು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ! ಗೆರೆ ಮತ್ತೆ ಮೇಲಕ್ಕೆ ದಾಟಿದ್ದು ಆಗಸ್ಟಿನಲ್ಲಿ, ಸೂಚ್ಯಂಕ 38 ಸಾವಿರದ ಆಸುಪಾಸು ಇದ್ದಾಗ. ಗೆರೆಯ ಮಾತನ್ನು ಚಾಚೂ ತಪ್ಪದೆ ಕೇಳಿದವನು 29 ಸಾವಿರಕ್ಕೆ ಮಾರಿ 38 ಸಾವಿರಕ್ಕೆ ಕೊಂಡ ಹಾಗಾಯಿತು.

ಗೆರೆಯ ತಪ್ಪಲ್ಲ ಅದು. 200 ದಿನದ ಗೆರೆ ಹಿಂದಿನ ವರ್ಷದ ನೆನಪನ್ನು ಹೊತ್ತು ನಡೆಯುತ್ತಿತ್ತು. ಸಾವಕಾಶದ ಇಳಿತಕ್ಕೆ ಹೇಳಿ ಮಾಡಿಸಿದ ಸಾಧನ, ಸಿಡಿಲಿನಂಥ ಕುಸಿತಕ್ಕೆ ಒದಗಲಿಲ್ಲ. ಮುಂದೆ ಬರುವುದು ಯಾವ ಬಗೆಯ ಕುಸಿತ ಎಂದು ಮೊದಲೇ ಯಾರಿಗೆ ಗೊತ್ತು?

ಇನ್ನೊಂದು ಉಪದ್ರವವಿದೆ. ಪೇಟೆ ಎಲ್ಲಿಗೂ ಹೋಗದೆ ಮನೆಯಂಗಳದಲ್ಲೇ ಅಡ್ಡಾಡುವ ತಿಂಗಳುಗಳಿರುತ್ತವೆ. ಆಗ ಎರಡು ಗೆರೆಗಳು ಒಂದನ್ನೊಂದು ಸುತ್ತಿಕೊಂಡು ಹತ್ತಾರು ಸಲ ದಾಟುತ್ತವೆ. ದಾಟಿದಾಗಲೆಲ್ಲ ಕೊಂಡು ಮಾರಿದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಹೋಗುತ್ತದೆ. ದಲ್ಲಾಳಿಯ ಕಮಿಷನ್ನು, ವಹಿವಾಟಿನ ತೆರಿಗೆ, ಸ್ಟಾಂಪ್ ಶುಲ್ಕ, ಜಿಎಸ್‌ಟಿ ಬೇರೆ. ಸೋರುವ ನಲ್ಲಿಯ ಹಾಗೆ, ಹನಿ ಕಾಣುವುದಿಲ್ಲ, ತೊಟ್ಟಿ ಮಾತ್ರ ಖಾಲಿ.

ಕವಡೆಯ ಆಟದಲ್ಲೊಂದು ಪಾಠ

ಮನೆಯಲ್ಲಿ ಚೌಕಾಬಾರದ ಕವಡೆ ಇದೆಯೇ? ಒಂದು ಪ್ರಯೋಗ ಮಾಡಿ. ನಾಲ್ಕು ಕವಡೆ ಐವತ್ತು ಸಲ ಹಾಕಿ, ಬಿದ್ದ ಗರವನ್ನೆಲ್ಲ ಸಾಲಾಗಿ ಬರೆದುಕೊಳ್ಳಿ. ಆಮೇಲೆ ಐದೈದು ಗರದ ಚಲಿಸುವ ಸರಾಸರಿ ಹಾಕಿ, ಚೌಕದ ಹಾಳೆಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆಯಿರಿ. ಬೆಟ್ಟ ಕಾಣುತ್ತದೆ, ಕಣಿವೆ ಕಾಣುತ್ತದೆ, ‘ಈಗ ಏರುಗಾಲ, ಈಗ ಇಳಿಗಾಲ’ ಎನ್ನುವ ಹಾಗೆ ಸೊಗಸಾದ ಅಲೆಗಳು ಕಾಣುತ್ತವೆ. ಕವಡೆಗೆ ಏರುಗಾಲ ಎಲ್ಲಿಂದ ಬರಬೇಕು? ಅಲೆ ಹುಟ್ಟಿದ್ದು ಸರಾಸರಿ ತೆಗೆದದ್ದರಿಂದ.

ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ಯೆವ್ಗೆನಿ ಸ್ಲುಟ್‌ಸ್ಕಿ ಎಂಬ ವಿದ್ವಾಂಸರು, ಸೋವಿಯತ್ ದೇಶದಲ್ಲಿ, 1927ರಲ್ಲಿ. ಸರ್ಕಾರಿ ಲಾಟರಿಯಲ್ಲಿ ಬಂದ ಅಂಕಿಗಳನ್ನು ತೆಗೆದುಕೊಂಡು ಹತ್ತು ಹತ್ತರಂತೆ ಕೂಡಿಸುತ್ತಾ ಹೋದರು. ಬಂದ ಗೆರೆಯನ್ನು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ವ್ಯಾಪಾರದ ಏರಿಳಿತದ ಪಕ್ಕದಲ್ಲಿಟ್ಟರೆ ಎರಡೂ ಅಕ್ಕತಂಗಿಯರ ಹಾಗೆ ಕಂಡವು! ಷೇರಿನ ಬೆಲೆಯೂ ಲಾಟರಿಯೇ ಎಂದು ಇದರ ಅರ್ಥವಲ್ಲ. ಗೆರೆ ಅಲೆಯ ಹಾಗೆ ಕಂಡ ಮಾತ್ರಕ್ಕೆ ಅದರ ಹಿಂದೆ ಅರ್ಥ ಇದ್ದೇ ಇದೆ ಎಂದು ನಂಬಬಾರದು, ಇಷ್ಟೇ.

ವಿದ್ವಾಂಸರು ಏನಂತಾರೆ?

1992ರಲ್ಲಿ ಬ್ರಾಕ್, ಲಾಕೊನಿಷಾಕ್, ಲೆಬರಾನ್ ಎಂಬ ಮೂವರು ಅಮೆರಿಕದ ಡೌ ಜೋನ್ಸ್ ಸೂಚ್ಯಂಕದ 1897ರಿಂದ 1986ರವರೆಗಿನ ಲೆಕ್ಕವನ್ನೆಲ್ಲ ಜಾಲಾಡಿದರು. ಚಲಿಸುವ ಸರಾಸರಿಯ ಸರಳ ನಿಯಮಗಳಲ್ಲಿ ಏನೋ ಹುರುಳಿದೆ ಎಂದು ಅವರಿಗೆ ಕಂಡಿತು. ಪೇಟೆಯವರಿಗೆ ಹಬ್ಬವೋ ಹಬ್ಬ.

1999ರಲ್ಲಿ ಸಲ್ಲಿವನ್, ಟಿಮ್ಮರ್‌ಮನ್, ವೈಟ್ ಎಂಬ ಇನ್ನು ಮೂವರು ಮತ್ತೊಂದು ಪ್ರಶ್ನೆ ಕೇಳಿದರು. ಸಾವಿರಾರು ನಿಯಮಗಳನ್ನು ಹಳೆಯ ಲೆಕ್ಕದ ಮೇಲೆ ಓಡಿಸಿದರೆ ಒಂದಾದರೂ ಗೆದ್ದೇ ಗೆಲ್ಲುತ್ತದಲ್ಲ, ಆ ಗೆದ್ದದ್ದು ಮುಂದೆಯೂ ಗೆಲ್ಲುತ್ತದೆಯೇ? ಹಳೆಯ ವರ್ಷಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ನಿಯಮವನ್ನು 1987ರಿಂದ 1996ರವರೆಗಿನ ಹತ್ತು ವರ್ಷಕ್ಕೆ ಹಚ್ಚಿ ನೋಡಿದರು. ಹೆಚ್ಚುಗಾರಿಕೆ ಉಳಿಯಲಿಲ್ಲ.

ನಮ್ಮ ಮಾತಿನಲ್ಲಿ ಹೇಳಬೇಕೆಂದರೆ, ಹೋದ ವರ್ಷದ ಪ್ರಶ್ನೆಪತ್ರಿಕೆಗೆ ಈ ವರ್ಷ ಕೂತು ಉತ್ತರ ಬರೆದ ಹಾಗೆ. ನೂರಕ್ಕೆ ನೂರು ಬಂದರೂ ಅದು ಪರೀಕ್ಷೆಯಲ್ಲ. ‘ನಮ್ಮ 13 ದಿನದ ಇಎಂಎ ಹಾಕಿ ನೋಡಿ, ಎಲ್ಲಾ ಕಡೆ ಸರಿಯಾಗಿ ತೋರಿಸಿದೆ’ ಎನ್ನುವವರಿಗೆ ಕೇಳಬೇಕಾದದ್ದು, 13 ಎಂಬ ಸಂಖ್ಯೆ ಆರಿಸಿದ್ದು ಬೆಲೆ ನೋಡುವ ಮೊದಲೋ, ನೋಡಿದ ಮೇಲೋ ಎಂದು.

ಮನೆಯ ಹಣದ ಮಾತು

ಈಗ ಮುಖ್ಯ ವಿಷಯಕ್ಕೆ ಬರೋಣ. ಷೇರು ಪೇಟೆಯ ಮೇಲ್ವಿಚಾರಣೆ ಮಾಡುವ ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಅಧ್ಯಯನ ಹೊರತಂದಿತು. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಎಂಬ ವಾಯಿದಾ ವ್ಯಾಪಾರದಲ್ಲಿ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ, ಅಂದರೆ 2021ರ ಏಪ್ರಿಲಿನಿಂದ 2024ರ ಮಾರ್ಚಿಯವರೆಗೆ, ಕೈಹಾಕಿದ ಒಂದು ಕೋಟಿಗೂ ಹೆಚ್ಚು ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಅನುಭವಿಸಿದ್ದರು. ತಲಾ ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿ. ಒಟ್ಟು ನಷ್ಟ 1 ಲಕ್ಷ 80 ಸಾವಿರ ಕೋಟಿಗೂ ಮೇಲೆ. ಆ ಮೂರು ವರ್ಷಗಳಲ್ಲಿ ಬರೀ ವಹಿವಾಟಿನ ಖರ್ಚಿಗೆಂದು ಜನ ಕೊಟ್ಟದ್ದು ಸುಮಾರು 50 ಸಾವಿರ ಕೋಟಿ. ಅದೇ ವರ್ಷ ಜುಲೈನಲ್ಲಿ ಬಂದ ಇನ್ನೊಂದು ಅಧ್ಯಯನ, ಬೆಳಿಗ್ಗೆ ಕೊಂಡು ಸಂಜೆಯೊಳಗೆ ಷೇರು ಮಾರುವವರಲ್ಲಿ 2022–23ರಲ್ಲಿ ಹತ್ತರಲ್ಲಿ ಏಳು ಮಂದಿಗೆ ನಷ್ಟ ಎಂದು ಹೇಳಿತು.

ಅವರ ಮೊಬೈಲುಗಳಲ್ಲೂ ಈ ಗೆರೆಗಳಿದ್ದವು. ಸರಳ, ತೂಕದ್ದು, ಹೆಪ್ಪಿನದು, ಯಾವುದು ಬೇಕಾದರೂ ಬೆರಳು ಒತ್ತಿದರೆ ಬರುತ್ತದೆ. ಗೆರೆಯ ಕೊರತೆಯಿಂದ ಯಾರೂ ಸೋಲಲಿಲ್ಲ.

ಆದ್ದರಿಂದ ಮನೆಯಲ್ಲಿ ಯಾರಾದರೂ ‘ಒಂದು ಸೂತ್ರ ಸಿಕ್ಕಿದೆ, ಸ್ವಲ್ಪ ಹಣ ಕೊಡು’ ಎಂದರೆ ಬೈಯಬೇಡಿ, ಅಳಬೇಡಿ. ಸಮಾಧಾನವಾಗಿ ಕೂರಿಸಿಕೊಂಡು ಐದು ಪ್ರಶ್ನೆ ಕೇಳಿ.

1. ಯಾವ ಬಗೆಯ ಸರಾಸರಿ, ಎಷ್ಟು ದಿನದ್ದು? ಆ ಸಂಖ್ಯೆಯನ್ನೇ ಯಾಕೆ ಆರಿಸಿದೆ?

2. ಪೇಟೆ ಎಲ್ಲಿಗೂ ಹೋಗದೆ ನಿಂತಿದ್ದ ತಿಂಗಳುಗಳಲ್ಲಿ ಈ ಸೂತ್ರ ಏನು ಮಾಡಿತು? ಗೆದ್ದ ದಿನದ ಚಿತ್ರ ಬೇಡ, ಸೋತ ದಿನದ್ದು ತೋರಿಸು.

3. ಕಮಿಷನ್ನು, ತೆರಿಗೆ ಎಲ್ಲ ಕಳೆದ ಮೇಲೆ ಕೈಗೆ ಎಷ್ಟು ಉಳಿಯಿತು? ಬಾಯಲ್ಲಿ ಬೇಡ, ಪುಸ್ತಕದಲ್ಲಿ ಬರೆದು ತೋರಿಸು.

4. ಇದನ್ನು ಹೇಳಿಕೊಟ್ಟವರಿಗೆ ಸೆಬಿ ನೋಂದಣಿ ಇದೆಯೇ? ನೋಂದಣಿ ಸಂಖ್ಯೆಯನ್ನು ಸೆಬಿಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ‘ತಿಂಗಳಿಗೆ ಇಷ್ಟು ಲಾಭ ಖಂಡಿತ’ ಎಂದವರಿದ್ದರೆ ಅಲ್ಲಿಗೇ ಮಾತು ನಿಲ್ಲಿಸಿ. ಷೇರು ಪೇಟೆಯಲ್ಲಿ ಲಾಭದ ಭರವಸೆ ಕೊಡುವ ಹಕ್ಕು ಯಾವ ಸಲಹೆಗಾರರಿಗೂ ಇಲ್ಲ.

5. ಈ ಹಣ ಎಲ್ಲಿಯದು? ಮಗಳ ಫೀಸಿನದೋ, ಚೀಟಿ ಎತ್ತಿದ್ದೋ, ಬಳೆ ಅಡವಿಟ್ಟದ್ದೋ? ಹೋದರೆ ಅಡಿಗೆಮನೆಗೆ ಬಿಸಿ ತಾಗದ ಹಣವಾದರೆ ಮಾತ್ರ ಮುಂದಿನ ಮಾತು.

ಈ ಐದು ಪ್ರಶ್ನೆಗೆ ನೇರ ಉತ್ತರ ಕೊಡಬಲ್ಲ ಹುಡುಗ ಗೆರೆಯ ಹಿಂದೆ ಕುರುಡಾಗಿ ಓಡುವುದಿಲ್ಲ. ಉತ್ತರವಿಲ್ಲದಿದ್ದರೆ ಆ ಪ್ರಶ್ನೆಗಳೇ ಅವನನ್ನು ಕೊಂಚ ತಡೆದು ನಿಲ್ಲಿಸುತ್ತವೆ. ಇನ್ನೊಂದು ಮಾತು. ನಷ್ಟವಾದಾಗ ಮನೆಯಲ್ಲಿ ಹೇಳಲು ಅವನಿಗೆ ಹೆದರಿಕೆಯಾಗದಂತೆ ನೋಡಿಕೊಳ್ಳಿ. ಮುಚ್ಚಿಟ್ಟ ನಷ್ಟ ಸಾಲ ತರಿಸುತ್ತದೆ, ಹೇಳಿದ ನಷ್ಟ ಅಲ್ಲಿಗೇ ನಿಲ್ಲುತ್ತದೆ.

ನಿಮ್ಮ ಪುಸ್ತಕಕ್ಕೂ ಒಂದು ಸರಾಸರಿ

ಇಷ್ಟು ಕಲಿತ ಮೇಲೆ ಚಲಿಸುವ ಸರಾಸರಿಯನ್ನು ನಾವೇಕೆ ಬಿಡಬೇಕು? ತಿಂಗಳ ಖರ್ಚಿನ ಪುಸ್ತಕದಲ್ಲಿ ಒಂದು ಕಾಲಂ ಹೆಚ್ಚಿಗೆ ಎಳೆಯಿರಿ. ದಿನಸಿ, ತರಕಾರಿ, ಔಷಧಿ, ಕರೆಂಟು, ಪ್ರತಿಯೊಂದಕ್ಕೂ ಹಿಂದಿನ ಮೂರು ತಿಂಗಳ ಸರಾಸರಿ ಬರೆಯುತ್ತಾ ಬನ್ನಿ. ಒಂದು ತಿಂಗಳು ಹಬ್ಬ, ಒಂದು ತಿಂಗಳು ನೆಂಟರು ಎಂದು ಖರ್ಚು ಕುಣಿದರೂ ಈ ಕಾಲಂ ಕುಣಿಯುವುದಿಲ್ಲ. ಅದು ನಾಲ್ಕು ತಿಂಗಳು ಬಿಡದೆ ಏರಿದರೆ ಖರ್ಚು ನಿಜವಾಗಿಯೇ ಏರುತ್ತಿದೆ ಎಂದು ತಿಳಿಯಿರಿ. ಹಬ್ಬದ ತಿಂಗಳು ಲೆಕ್ಕದಿಂದ ಹೊರಬಿದ್ದಾಗ ಸರಾಸರಿ ತಾನಾಗಿ ಇಳಿಯುತ್ತದೆ. ಅದನ್ನು ನೋಡಿ ‘ಉಳಿತಾಯವಾಯಿತು’ ಎಂದು ಸೀರೆ ಅಂಗಡಿಗೆ ಹೊರಡಬೇಡಿ, ಬಾಡಿದ ಹೂ ಉದುರಿತು ಅಷ್ಟೇ ಎಂದು ನಿಮಗೀಗ ಗೊತ್ತು.

ಸರಾಸರಿಯ ಯೋಗ್ಯತೆ ಇಷ್ಟು. ನಾವು ನಡೆದು ಬಂದ ದಾರಿ ಏರಿನದೋ ಇಳಿಜಾರಿನದೋ ಎಂದು ಅದು ಪ್ರಾಮಾಣಿಕವಾಗಿ ಹೇಳುತ್ತದೆ. ಮುಂದಿನ ತಿರುವಿನಲ್ಲಿ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ, ಗೊತ್ತಿದೆ ಎಂದು ಅದು ಹೇಳಿಕೊಳ್ಳುವುದೂ ಇಲ್ಲ. ಹಾಗೆ ಹೇಳಿಕೊಳ್ಳುವವರು ಅದನ್ನು ಮಾರುವವರು.